ಕೂಪರ್ ಮತ್ತು ನಮ್ಮ ದೊಡ್ಡಪ್ಪ

ಆಫೀಸಿನಲ್ಲಿ ನನಗೊಂದು ಅಡ್ಡಹೆಸರು ಉಂಟು: ಕೂಪರ್. ಊಟದ ಹೊತ್ತಿಗೆ ಯಾರಾದರೂ 'ವಿಮಾನ' ಅಂದರೆ ಸಾಕು, ಇವನು ಶುರು ಹಚ್ಚಿಕೊಳ್ತಾನೆ ಅಂತ ಅವರ ದೂರು. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೇನೆ.

1971ರ ನವೆಂಬರ್ 24. ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಸಿಯಾಟಲ್‌ಗೆ ಹೊರಟ ಬೋಯಿಂಗ್ 727. ಸೂಟು, ಕಪ್ಪು ಟೈ ಹಾಕಿದ ನಡುವಯಸ್ಸಿನವನೊಬ್ಬ ಗಗನಸಖಿಯ ಕೈಗೆ ಚೀಟಿ ಕೊಟ್ಟ. ಫೋನ್ ನಂಬರ್ ಇರಬೇಕೆಂದು ಆಕೆ ಓದದೆ ಚೀಲದೊಳಗೆ ಹಾಕಿಕೊಂಡಳು. ಅದರಲ್ಲಿದ್ದದ್ದು ಬಾಂಬಿನ ಸುದ್ದಿ. ಅವನು ಕೇಳಿದ್ದು 2 ಲಕ್ಷ ಡಾಲರ್, 4 ಪ್ಯಾರಾಚೂಟ್. ಸಿಯಾಟಲ್‌ನಲ್ಲಿ ಎರಡೂ ಸಿಕ್ಕಿದವು. ಪ್ರಯಾಣಿಕರನ್ನು ಇಳಿಯಗೊಟ್ಟ. ವಿಮಾನ ಮತ್ತೆ ಮೇಲೇರಿತು. ರಾತ್ರಿ ಎಂಟು ಕಳೆದ ಮೇಲೆ ಹಿಂಬದಿಯ ಮೆಟ್ಟಿಲು ಇಳಿಸಿ ಕತ್ತಲೆಗೆ ಹಾರಿದವನು ಹೋದದ್ದೇ. ಟಿಕೆಟಿನಲ್ಲಿದ್ದ ಹೆಸರು ಡ್ಯಾನ್ ಕೂಪರ್. ಪತ್ರಿಕೆಯವರ ಎಡವಟ್ಟಿನಿಂದ ಅವನು ಡಿ.ಬಿ. ಕೂಪರ್ ಆದ.

ನಿಜ ಹೇಳಬೇಕೆಂದರೆ ನನಗೆ ಅವನಿಗಿಂತ ಅವನನ್ನು ಹುಡುಕುವವರ ಮೇಲೆ ಪ್ರೀತಿ. 1980ರಲ್ಲಿ ಕೊಲಂಬಿಯಾ ನದಿಯ ಮರಳಲ್ಲಿ 8 ವರ್ಷದ ಹುಡುಗನೊಬ್ಬನಿಗೆ ಕೊಳೆತ ನೋಟಿನ ಕಟ್ಟುಗಳು ಸಿಕ್ಕಿದವು, 5,800 ಡಾಲರ್. ನಂಬರ್ ತಾಳೆ ನೋಡಿದರೆ ಕೂಪರನ ದುಡ್ಡೇ. ಟಾಮ್ ಕೇ ಎಂಬಾತ ತನ್ನ ತಂಡ ಕಟ್ಟಿಕೊಂಡು ಆ ನೋಟುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ನೋಟಿಗೆ ಅಂಟಿದ್ದ ಸೂಕ್ಷ್ಮ ಪಾಚಿ ನವೆಂಬರಿನದ್ದಲ್ಲ, ವಸಂತದ ಹೊತ್ತಿಗೆ ನೀರಲ್ಲಿ ಬೆಳೆಯುವಂಥದ್ದು ಅಂತ 2020ರಲ್ಲಿ ಪ್ರಕಟಿಸಿದ. ಅಂದರೆ ದುಡ್ಡು ನೀರಿಗೆ ಬಿದ್ದದ್ದು ಹಾರಿದ ರಾತ್ರಿ ಅಲ್ಲ, ತಿಂಗಳುಗಳ ನಂತರ. ಅವನು ಸೀಟಲ್ಲಿ ಬಿಟ್ಟುಹೋದ ಟೈಯಲ್ಲಿ ಟೈಟಾನಿಯಂ ಕಣಗಳನ್ನೂ ಹುಡುಕಿದರು. ಲಾಗ್ ಇಲ್ಲದ ಬಗ್ ಹಿಡಿಯುವ ನಮ್ಮಂಥವರಿಗೆ ಇದಕ್ಕಿಂತ ರುಚಿ ಬೇರೆ ಬೇಕಾ ಮಾರಾಯ್ರೆ?

ಇದೇ ರುಚಿಯನ್ನು ಮನೆಗೆ ಕೊಂಡುಹೋದದ್ದು ನಾನು ಮಾಡಿದ ತಪ್ಪು.

ನಮ್ಮ ಮನೆ ಕಲ್ಲಡ್ಕದಿಂದ ಸ್ವಲ್ಪ ಒಳಗೆ. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಎಸ್ಸೆಸ್ಸೆಲ್ಸಿ ಫೇಲಾಗಿ 1974ರಲ್ಲಿ ಬೊಂಬಾಯಿಗೆ ಓಡಿಹೋದವರು. ನಮ್ಮ ಕಡೆ ಇದು ದೊಡ್ಡ ವಿಷಯ ಅಲ್ಲ. ಹಾಗೆ ಓಡಿ, ಹೋಟೆಲಲ್ಲಿ ಗ್ಲಾಸು ತೊಳೆದು, ನಂತರ ಹೋಟೆಲನ್ನೇ ಇಟ್ಟವರು ಊರು ತುಂಬ ಇದ್ದಾರೆ. ದೊಡ್ಡಪ್ಪನಿಂದ 5 ವರ್ಷ ಮನಿಯಾರ್ಡರ್ ಬಂತು. ಆಮೇಲೆ ಇಲ್ಲ. ಅಜ್ಜಿ ಆ ಕೂಪನ್‌ಗಳನ್ನೆಲ್ಲ ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಕೊನೆಯದರಲ್ಲಿ 'ಅಡಿಕೆ ಕೊಯ್ಲಿಗೆ ಬರುತ್ತೇನೆ' ಅಂತ ಮೂರು ಪದ ಹೆಚ್ಚೇ ಒತ್ತಿ ಬರೆದಿತ್ತು.

ಕೆಲವು ವರ್ಷದ ಹಿಂದೆ ರಜೆಯಲ್ಲಿ ಹೋದಾಗ ಡಬ್ಬಿ ತೆಗೆದೆ. ಪೋಸ್ಟಾಫೀಸಿನ ಮೊಹರುಗಳನ್ನು ಎಕ್ಸೆಲ್ ಶೀಟಿಗೆ ಹಾಕಿದೆ. ಮೊದಲು ಮಾಟುಂಗಾ, ಆಮೇಲೆ ಮುಲುಂಡ್, ಕೊನೆಗೆ ಕಲ್ಯಾಣ್. ಸೆಂಟ್ರಲ್ ಲೈನ್ ಹಿಡಿದು ಮನುಷ್ಯ ಆಚೆ ಆಚೆ ಹೋಗ್ತಾ ಇದ್ದಾರೆ! ಎರಡು ರಾತ್ರಿ ಫೇಸ್‌ಬುಕ್ ಜಾಲಾಡಿದಾಗ ಕಲ್ಯಾಣದ ಒಂದು ಹೋಟೆಲಿನ ಸಮಾರಂಭದ ಫೋಟೋ ಸಿಕ್ಕಿತು. ಗಲ್ಲಾಪೆಟ್ಟಿಗೆಯ ಪಕ್ಕ ನಿಂತ ಮುದುಕರ ಕಿವಿ ಸಾಕ್ಷಾತ್ ಅಪ್ಪನದ್ದು. ಮೊಬೈಲಲ್ಲಿ ದೊಡ್ಡದು ಮಾಡಿ ಸೀದಾ ಅಜ್ಜಿಗೆ ತೋರಿಸಿದೆ.

ಅಜ್ಜಿ ಕನ್ನಡಕ ಹಾಕಿ ತುಂಬ ಹೊತ್ತು ನೋಡಿ, "ಇವನೇ" ಅಂದರು.

ಮರುದಿನ ಬೆಳಿಗ್ಗೆ ಎದ್ದು ನೋಡ್ತೇನೆ, ಅಟ್ಟದಲ್ಲಿದ್ದ ಹಳೇ ಹಾಸಿಗೆ ಅಂಗಳದ ಬಿಸಿಲಿಗೆ ಬಂದಿದೆ. ನಾನು ಹೋಟೆಲಿಗೆ ಫೋನ್ ಮಾಡಿದ್ದು ಅದರ ನಂತರ. ಆ ಹಿರಿಯರು ಕುಂದಾಪುರದ ಕಡೆಯವರು. ನಮ್ಮ ಕಥೆಯನ್ನು ಪೂರ್ತಿ ಕೇಳಿ, ತುಂಬ ಮರ್ಯಾದೆಯಿಂದ "ನಾನಲ್ಲ ಮಗಾ" ಅಂದರು.

ಅಜ್ಜಿಗೆ ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. "ಹಾಸಿಗೆ ಒಳಗೆ ತೆಗೆದಿಡು, ರಾತ್ರಿ ಇಬ್ಬನಿ ಬೀಳ್ತದೆ" ಅಂದರು.

ಕೋಡಿನಲ್ಲಿ ತಪ್ಪು ಇಲ್ಲೇ ಇದೆ ಅನ್ನಿಸಿದಾಗ ಮೊದಲು ಆ ಅನ್ನಿಸಿಕೆಯನ್ನೇ ಮುರಿದು ನೋಡು ಅಂತ ಜೂನಿಯರ್‌ಗಳಿಗೆ ಪಾಠ ಮಾಡುವವನು ನಾನು. ಇಲ್ಲಿ ಒಂದು ಫೋನ್ ಮೊದಲೇ ಮಾಡಬಹುದಿತ್ತು. ಮಾಡಲಿಲ್ಲ, ಯಾಕಂದ್ರೆ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ಕೂಪರನ ಹಿಂದೆ ಬಿದ್ದವರೂ ಹೀಗೇ ಎಷ್ಟು ಜನರ ಮೂಗು, ಕಿವಿ, ಕೈಬರಹ ತಾಳೆ ಹಾಕಿ ಇವನೇ ಅಂದಿದ್ದಾರೆ! ಅವನೇ ನನ್ನ ಗಂಡ, ನನ್ನ ಚಿಕ್ಕಪ್ಪ ಅಂದ ಮನೆಯವರೂ ಇದ್ದಾರೆ. ಮೊದಲೆಲ್ಲ ಓದಿ ನಗ್ತಿದ್ದೆ. ಈಗ ಆ ಹೆಸರುಗಳ ಹಿಂದೆಲ್ಲ ಒಂದು ಅಂಗಳ, ಒಂದು ಹಾಸಿಗೆ ಕಾಣ್ತದೆ.

2016ರ ಜುಲೈಯಲ್ಲಿ ಎಫ್‌ಬಿಐ ತನಿಖೆ ನಿಲ್ಲಿಸಿತು, 45 ವರ್ಷ ಹುಡುಕಿ. ಪ್ಯಾರಾಚೂಟೋ ದುಡ್ಡೋ ಕೈಗೆ ಸಿಕ್ಕರೆ ಮಾತ್ರ ತನ್ನಿ ಅಂದರು. ಆಗ ನನಗೆ ಸಿಟ್ಟು ಬಂದಿತ್ತು, ಇಷ್ಟು ಬೇಗ ಕೈಬಿಡೋದಾ ಅಂತ.

ಅಜ್ಜಿ ಹೋಗಿ ವರ್ಷ ದಾಟಿತು. ಮೊನ್ನೆ ಊರಲ್ಲಿ ಅಪ್ಪನ ಜೊತೆ ಕೆ.ಟಿ. ಕುಡಿದು, ಹೈವೇಯ ಧೂಳು ತಿಂದು ಮನೆಗೆ ಬರುವಾಗ ಗೇಟಿನ ಬೋರ್ಡು ನೋಡಿದೆ. ತುಕ್ಕು ಹಿಡಿದ ತಗಡು, ಅಜ್ಜನ ಹೆಸರು.

"ಇದನ್ನು ತೆಗೆದು ಹೊಸದು ಹಾಕುವ ಅಪ್ಪಾ, ನಾನು ಮಾಡಿಸ್ತೇನೆ" ಅಂದೆ.

"ಹೊಸದು ಪಕ್ಕದಲ್ಲಿ ಹಾಕು. ಇದು ಇರಲಿ" ಅಂದರು ಅಪ್ಪ. "ಯಾರಾದ್ರೂ ಕೇಳಿಕೊಂಡು ಬಂದ್ರೆ ಗುರ್ತ ಸಿಗ್ಬೇಕಲ್ಲ."