ನೇತ್ರಾಣಿಯಲ್ಲಿ ನನ್ನನ್ನು ಮೇಲೆಳೆದ ಸ್ಕೂಟರ್

ಮುರುಡೇಶ್ವರದಿಂದ ಬೆಳಿಗ್ಗೆ ಬೋಟ್ ಹೊರಟಾಗ ನನ್ನ ತೊಡೆ ಮೇಲೆ ಆಫೀಸ್ ಗೆಳೆಯನಿಂದ ಎರವಲು ತಂದ ಅಂಡರ್‌ವಾಟರ್ ಸ್ಕೂಟರ್ ಇತ್ತು. ಎರಡು ಪುಟ್ಟ ಫ್ಯಾನ್‌ಗಳನ್ನು ಒಂದು ಹ್ಯಾಂಡಲ್‌ಗೆ ಜೋಡಿಸಿದ ಹಾಗೆ ಕಾಣುವ ವಸ್ತು. ಪಕ್ಕದಲ್ಲಿ ತಂಗಿ. ಚೆನ್ನಾಗಿದ್ದರೆ ಅಂಡಮಾನ್ ಟ್ರಿಪ್‌ಗೆ ಇದೇ ಮಾಡೆಲ್ ಕೊಳ್ಳೋದು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ. ಹಿಂದೆ ಶಿವನ ಪ್ರತಿಮೆ ಹೆಬ್ಬೆರಳಿನಷ್ಟಾಗುವವರೆಗೂ ನಾನು ಸ್ಕೂಟರಿನ ಬಟನ್ ಒತ್ತಿ ಒತ್ತಿ ನೋಡುತ್ತಲೇ ಇದ್ದೆ.

"ಮೊದಲು ನೀರು ನೋಡಿ ಸಾರ್, ಆಮೇಲೆ ಗಾಡಿ" ಅಂದರು ಗೈಡ್. ಹಾಗಾಗಿ ಮೊದಲ ಡೈವ್ ಬರೀ ಕಾಲಿನ ಫಿನ್‌ಗಳಲ್ಲೇ. ಗಿಳಿಮೀನು, ಚಿಟ್ಟೆಮೀನು, ಬಂಡೆಯ ಸಂದಿಯಲ್ಲಿ ಮುಖ ಊದಿಸಿಕೊಂಡು ಕೂತ ಗ್ರೂಪರ್. ನಿಧಾನವಾಗಿ ಹೋದರೇ ಕಾಣುವಂಥವು.

ಎರಡನೇ ಡೈವ್‌ನಲ್ಲಿ ಸ್ಕೂಟರ್ ಹಿಡಿದೆ. ಹನ್ನೆರಡು ಮೀಟರ್ ಆಳ. ಎರಡೂ ಕೈಯಲ್ಲಿ ಟ್ರಿಗರ್ ಒತ್ತಿದರೆ ಮಾತ್ರ ಓಡುವ ಮಾಡೆಲ್ ಅದು. ಬಂಡೆಯ ಇಳಿಜಾರಿನ ಮೇಲೆ ಹಾರಿದ ಹಾಗೆ ಹೋದೆ. ಇಳಿಜಾರು ಮೇಲಕ್ಕೆ ಏರುತ್ತಿತ್ತು, ಅದರ ಜೊತೆ ನಾನೂ. ಆಳ ಕಡಿಮೆಯಾದಂತೆ ಒತ್ತಡ ಇಳಿದು ಬಿಸಿಡಿ ಜಾಕೆಟ್‌ನೊಳಗಿನ ಗಾಳಿ ಹಿಗ್ಗುತ್ತದೆ. ಹನ್ನೆರಡರಿಂದ ಐದು ಮೀಟರಿಗೆ ಬಂದರೆ ಸುಮಾರು ಒಂದೂವರೆ ಪಟ್ಟು. ಅದನ್ನು ಎಡಗೈಯಿಂದ ಬಿಡುತ್ತಾ ಬರಬೇಕು. ನನ್ನ ಎಡಗೈ ಟ್ರಿಗರ್ ಮೇಲಿತ್ತು! ಕೈಗಡಿಯಾರದ ಕಂಪ್ಯೂಟರ್ ಕಿರುಚಿದಾಗ ಟ್ರಿಗರ್ ಬಿಟ್ಟೆ. ಮೋಟಾರ್ ನಿಂತಿತು, ನಾನು ನಿಲ್ಲಲಿಲ್ಲ. ಹೋಸ್ ಹುಡುಕುವಷ್ಟರಲ್ಲಿ ತಲೆ ನೀರಿನ ಮೇಲಿತ್ತು.

ಉಸಿರು ಬಿಗಿಹಿಡಿದಿರಲಿಲ್ಲ ಅನ್ನೋದೊಂದೇ ಪುಣ್ಯ. ಹಿಡಿದಿದ್ದರೆ ಹಿಗ್ಗುವ ಗಾಳಿಗೆ ಶ್ವಾಸಕೋಶವೇ ಹರಿಯಬಹುದು.

ತಂಗಿ ಕೆಳಗಿದ್ದಳು. ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಹುಡುಕಿ, ಆಮೇಲೆ ನಿಧಾನವಾಗಿ ಮೇಲೆ ಬರಬೇಕು ಅನ್ನೋದು ಕೋರ್ಸ್‌ನಲ್ಲೇ ಕಲಿಸುವ ನಿಯಮ. ಅವಳು ಅದನ್ನೇ ಮಾಡಿದಳು. ನಾನು ಮೇಲೆ ತೇಲುತ್ತಾ ಗುಳ್ಳೆ ಎಲ್ಲಿ ಬರುತ್ತದೆ ಅಂತ ಹುಡುಕಿದ ಆ ಮೂರ್ನಾಲ್ಕು ನಿಮಿಷದ ಬಗ್ಗೆ ಅಮ್ಮನಿಗೆ ಇನ್ನೂ ಹೇಳಿಲ್ಲ. ಬೋಟ್ ಹತ್ತಿದ ಮೇಲೆ ಅವಳು ಅಂದದ್ದು ಇಷ್ಟೇ: "ಇನ್ಮೇಲೆ ಅದನ್ನೇ ಬಡ್ಡಿ ಮಾಡ್ಕೋ ಅಣ್ಣ."

ಬೆಂಗಳೂರಿಗೆ ವಾಪಸಾದ ಮೇಲೆ ಮತ್ತೆ ಮಾಡೆಲ್‌ಗಳನ್ನು ನೋಡೋಕೆ ಕೂತೆ. ಅವತ್ತಿನವರೆಗೆ ನಾನು ನೋಡುತ್ತಿದ್ದದ್ದು ವೇಗ ಒಂದನ್ನೇ. ಸೆಕೆಂಡಿಗೆ 1.5 ಮೀಟರ್ ಅಂತ ಬರೆದಿದ್ದರೆ ಖುಷಿ. ಈಗ ಲೆಕ್ಕ ಹಾಕಿದೆ: ಅದು ನಿಮಿಷಕ್ಕೆ 90 ಮೀಟರ್. ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರ್ ಮೀರಬೇಡಿ ಅಂತ ಕಲಿಸುತ್ತಾರೆ. ಹತ್ತು ಪಟ್ಟು! ಹಾಗಾಗಿ ನನ್ನ ಮಟ್ಟಿಗೆ ಮೊದಲ ಪ್ರಶ್ನೆ, ಒಂದೇ ಕೈಯಲ್ಲಿ ಓಡುತ್ತದಾ ಅನ್ನೋದು. ಇನ್ನೊಂದು ಕೈ ಗಾಳಿ ಬಿಡೋಕೆ ಬೇಕು, ಇಳಿಯುವಾಗ ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡೋಕೂ ಬೇಕು. ಕಡಿಮೆ ವೇಗದ ಗೇರ್ ನಿಜವಾಗಲೂ ಕಡಿಮೆ ಇದೆಯಾ, ಬೆರಳು ತೆಗೆದ ಕೂಡಲೇ ನಿಲ್ಲುತ್ತದಾ ಅಂತಲೂ ನೋಡಿ.

ಆಳದ ಅಂಕಿಗೆ ಮರುಳಾಗಬೇಡಿ. ಮನರಂಜನೆಯ ಡೈವಿಂಗ್‌ನ ಮಿತಿಯೇ 40 ಮೀಟರ್, ನಮ್ಮಂಥ ಓಪನ್ ವಾಟರ್ ಡೈವರ್‌ಗಳಿಗೆ 18. ಕೈಬಿಟ್ಟರೆ ಸ್ಕೂಟರ್ ತೇಲುತ್ತದಾ ಮುಳುಗುತ್ತದಾ ಅನ್ನೋದು ಹೆಚ್ಚು ಮುಖ್ಯ. ಸ್ನಾರ್ಕೆಲಿಂಗ್‌ನವರಿಗಾಗಿ ಕೊಡುವ ತೇಲುಬುರುಡೆ ಬಿಚ್ಚಲು ಬರಬೇಕು, ಇಲ್ಲದಿದ್ದರೆ ಅದೇ ನಿಮ್ಮನ್ನು ಮೇಲೆಳೆಯುತ್ತದೆ. ಈಜುಕೊಳದಲ್ಲಿ ತೇಲದೆ ಮುಳುಗದೆ ನಿಂತದ್ದು ಸಮುದ್ರದಲ್ಲಿ ಹಾಗೇ ನಿಲ್ಲೋದಿಲ್ಲ. ಉಪ್ಪುನೀರು ಭಾರ, ನಾಲ್ಕು ಲೀಟರ್ ಜಾಗ ಹಿಡಿಯುವ ಸ್ಕೂಟರನ್ನು ಅದು ಸುಮಾರು 100 ಗ್ರಾಂನಷ್ಟು ಹೆಚ್ಚಿಗೆ ಎತ್ತುತ್ತದೆ.

ಮುರುಡೇಶ್ವರಕ್ಕೆ ಕಾರಲ್ಲಿ ಹೋದಾಗ ಹೊಳೆಯದ ವಿಷಯ ಅಂಡಮಾನ್ ವಿಮಾನ ಬುಕ್ ಮಾಡುವಾಗ ಹೊಳೆಯಿತು, ಬ್ಯಾಟರಿ. 100 ವ್ಯಾಟ್-ಅವರ್‌ವರೆಗೆ ತಕರಾರಿಲ್ಲ. ಅಲ್ಲಿಂದ 160ರವರೆಗೆ ವಿಮಾನ ಕಂಪನಿಯ ಅನುಮತಿ ಬೇಕು. ಅದಕ್ಕಿಂತ ದೊಡ್ಡದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ವೋಲ್ಟ್ ಅನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 14.8 ವೋಲ್ಟ್, 6.6 ಆಂಪಿಯರ್-ಅವರ್ ಅಂದರೆ ಸುಮಾರು 98. ಬಿಚ್ಚಿದ ಬ್ಯಾಟರಿ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಆದ್ದರಿಂದ ಬಿಚ್ಚಲು ಬರುವ ಮಾಡೆಲೇ ವಾಸಿ.

ಕೊನೆಗೆ ಒಂದು ನಿಧಾನದ, ಒಂಟಿ ಕೈಯ ಸ್ಕೂಟರ್ ಆರಿಸಿದೆ. ಒಂದೇ ಯಾಕೆ, ಎರಡು ತಗೋಬಹುದಿತ್ತಲ್ಲ ಅಂದ ಗೆಳೆಯ. ಬಜೆಟ್ ಒಂದಕ್ಕೇ ಇದ್ದದ್ದು. ಒಬ್ಬರು ಓಡಿಸಿದರೆ ಇನ್ನೊಬ್ಬರ ಫಿನ್ ವೇಗಕ್ಕೆ ಹೋಗಬೇಕು ಅಂತ ತಂಗಿ ಷರತ್ತು ಹಾಕಿದ್ದಾಳೆ. ಮೊದಲು ಓಡಿಸೋದು ಅವಳಂತೆ.