ಕಲ್ಪತರು ನಾಡಿನಲ್ಲಿ ಬೀಳುವ ವಿದ್ಯೆ

ತಿಪಟೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಬೆಳಗಿನ ಎಂಟೂವರೆಯ ಹೊತ್ತಿಗೆ ತೆಂಗಿನ ತೋಟಗಳ ಒಳಗಿನಿಂದ ಸೈಕಲ್ ಗಂಟೆಯ ಸದ್ದು ಕೇಳಿಸುತ್ತದೆ. ಗಂಟೆ ಕೇಳಿಸುತ್ತದೆಯೇ ಹೊರತು ಸೈಕಲ್ಲು ಕಾಣಿಸುವುದಿಲ್ಲ. ಮರಗಳ ಸಾಲಿನ ನಡುವೆ ಬಿಳಿ ಅಂಗಿಯೊಂದು ಮಿಂಚಿ ಮಾಯವಾಗುತ್ತದೆ, ಮತ್ತೆ ಮಿಂಚುತ್ತದೆ. ಸ್ವಲ್ಪ ಹೊತ್ತಿಗೆ ಬದುವಿನ ಕೊನೆಯಲ್ಲಿ ಹುಡುಗನೊಬ್ಬ ಹೊರಬೀಳುತ್ತಾನೆ. ‘ಹೊರಬೀಳುತ್ತಾನೆ’ ಎಂಬ ಮಾತನ್ನು ಕೆಲವು ದಿನ ಅಕ್ಷರಶಃ ತೆಗೆದುಕೊಳ್ಳಬೇಕಾಗುತ್ತದೆ.

ಬಿದ್ದವನು ಮೊದಲು ನೋಡುವುದು ತನ್ನ ಮಂಡಿಯನ್ನಲ್ಲ. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ, ಪಕ್ಕದ ತೋಟದಲ್ಲಿ ಕಾಯಿ ಆಯುವವರು ನಕ್ಕರೇ ಎಂಬುದನ್ನು. ಯಾರೂ ನೋಡಿಲ್ಲವೆಂದು ಖಾತ್ರಿಯಾದ ಮೇಲೆ ಸೈಕಲ್ಲಿನ ಹ್ಯಾಂಡಲ್ಲು ಸೊಟ್ಟಗಾಗಿದೆಯೇ ಎಂದು ನೋಡುತ್ತಾನೆ. ಮಂಡಿಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಉರಿ ಶುರುವಾದ ಮೇಲೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೋಟದ ದಾರಿಗಳು ದೂರದಿಂದ ನೋಡಲು ಬಲು ಸಾಧು. ಮರದ ನೆರಳು, ಮೆತ್ತನೆಯ ಮಣ್ಣು, ಎದುರಿಗೆ ಬಸ್ಸಿಲ್ಲ, ಲಾರಿಯಿಲ್ಲ. ಆದರೆ ಬಿದ್ದ ಗರಿಯ ಕೆಳಗೆ ಏನಿದೆ ಎಂಬುದು ಗರಿಯ ಮೇಲೆ ಗಾಲಿ ಹೋದ ಮೇಲೆಯೇ ಗೊತ್ತಾಗುವುದು. ಬಸಿಗಾಲುವೆ ಇರಬಹುದು, ಹನಿ ನೀರಾವರಿಯ ಕರಿ ಪೈಪು ಇರಬಹುದು, ಉರುಳಿ ಬಂದ ಕಾಯಿಯೇ ಇರಬಹುದು. ಒಣಗಿದ ಗರಿಯೇ ಸಾಕು ಅನ್ನಿ. ಗರಿಯ ಕಡ್ಡಿ ಗಾಲಿಯ ಕಡ್ಡಿಗೆ ಸಿಕ್ಕಿಕೊಂಡರೆ ಸೈಕಲ್ಲು ಅಲ್ಲೇ ನಿಲ್ಲುತ್ತದೆ, ಸವಾರ ಮಾತ್ರ ಮುಂದಕ್ಕೆ ಹೋಗುತ್ತಾನೆ. ಬದುವಿನ ಅಂಚಿನಲ್ಲಿ ನೆಗ್ಗಿಲು ಹಬ್ಬಿದ್ದರೆ ಇನ್ನೊಂದು ಫಜೀತಿ. ಅದರ ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಒಂದು ಟ್ಯೂಬಿಗೆ ಏಳು ಪ್ಯಾಚು ಹಾಕಿಸಿಕೊಂಡ ಹುಡುಗ ಎಂಟನೆಯದಕ್ಕೆ ಅಂಗಡಿಗೆ ಹೋಗಲು ನಾಚಿ, ಕ್ಯಾರಿಯರ್ ಹಿಡಿದು ತಳ್ಳಿಕೊಂಡೇ ಶಾಲೆಗೆ ಹೋಗುವುದುಂಟು.

ನಾರಿನ ಕಾರ್ಖಾನೆಯ ಪಕ್ಕದ ದಾರಿಯಲ್ಲಿ ಬಿದ್ದವರಿಗೆ ಒಂದು ಅನುಕೂಲವಿದೆ. ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ ಅಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ. ಹಾಸಿಗೆಯ ಮೇಲೆ ಬಿದ್ದಂತೆ. ಗಾಯವಾಗುವುದಿಲ್ಲ. ಆದರೆ ಬಿಳಿ ಸಮವಸ್ತ್ರ ಕಂದು ಬಣ್ಣಕ್ಕೆ ತಿರುಗಿ, ಮಧ್ಯಾಹ್ನದೊಳಗೆ ಇಡೀ ಶಾಲೆಗೆ ಸುದ್ದಿ ಮುಟ್ಟಿರುತ್ತದೆ.

ಹಿಂದಿನವರು ಸೈಕಲ್ ಕಲಿತದ್ದು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ. ಅಡ್ಡಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು, ಬಿದ್ದು, ಬಾಡಿಗೆಯ ಜೊತೆಗೆ ಸೊಟ್ಟಗಾದ ಪೆಡಲಿನ ದಂಡವನ್ನೂ ತೆತ್ತು ಕಲಿತರು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ, ಅಲ್ಲಿಯವರೆಗೆ ಸೈಕಲ್ಲನ್ನು ದೂರದಿಂದಲೇ ನೋಡಿದ್ದ ಎಷ್ಟೋ ಹೆಣ್ಣುಮಕ್ಕಳೂ ಈ ಬದುಗಳ ಮೇಲೆ ಬಂದರು. ಈಚೆಗೆ ದಪ್ಪ ಟೈರಿನ, ಗೇರು ಇರುವ ಮೌಂಟನ್ ಬೈಕುಗಳು ತೋಟದ ಮನೆಗಳಿಗೂ ಬಂದಿವೆ. ಒಂದು ಕಾಲಕ್ಕೆ ಇಂಥವಕ್ಕೆಲ್ಲ ಹುಡುಗರ ಬಾಯಲ್ಲಿ ‘ರೇಂಜರ್’ ಎಂದೇ ಹೆಸರಿತ್ತು. ದಪ್ಪ ಟೈರು ಬಂದಿತೆಂದು ಬೀಳುವುದು ಕಡಿಮೆಯಾಗಿಲ್ಲ. ಧೈರ್ಯ ಹೆಚ್ಚಿದ್ದರಿಂದ ಬೀಳುವ ಜಾಗ ಮಾತ್ರ ಬದಲಾಗಿದೆ.

ಸೈಕಲ್ಲಿನ ರಿಪೇರಿಯನ್ನು ಮನೆಯಲ್ಲೇ ಮಾಡುವ ಉತ್ಸಾಹ ಭಾನುವಾರ ಬೆಳಿಗ್ಗೆ ಹುಟ್ಟುತ್ತದೆ. ಹಿಂದಿನ ಗಾಲಿ ಬಿಚ್ಚಿ, ಬಾಲ್ಸು ತೊಳೆದು, ಎಲ್ಲವನ್ನೂ ಜೋಡಿಸಿದ ಮೇಲೆ ಅಂಗೈಯಲ್ಲಿ ಎರಡು ಬಾಲ್ಸು ಉಳಿದಿರುತ್ತವೆ. ಅವು ಎಲ್ಲಿಯವು ಎಂದು ಯೋಚಿಸುವ ಬದಲು ಜಾಮಿಟ್ರಿ ಬಾಕ್ಸಿಗೆ ಹಾಕಿಕೊಳ್ಳುವವರೇ ಹೆಚ್ಚು. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿ ಬಿಗಿದು, ಸೈಕಲ್ಲು ಯಾಕೋ ಕುಳ್ಳಗಾದಂತಿದೆಯಲ್ಲ ಎಂದು ಬೆರಗಾದವರೂ ಇದ್ದಾರೆ.

ತೆಂಗಿನ ಸೀಮೆಗೇ ವಿಶೇಷವಾದ ಎಡವಟ್ಟು ಎಂದರೆ ಎಣ್ಣೆಯದು. ಚೈನು ಕಿರುಗುಟ್ಟಿದರೆ ಅಂಗಡಿಯ ಎಣ್ಣೆಗೆ ದುಡ್ಡೇಕೆ, ಮನೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲವೇ? ಬೇಸಿಗೆಯಲ್ಲಿ ಹಾಕಿದರೆ ಚೈನು ನಿಜಕ್ಕೂ ಸುಮ್ಮನಾಗುತ್ತದೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವ ಪದಾರ್ಥ. ಡಿಸೆಂಬರಿನ ಚಳಿಯ ಬೆಳಿಗ್ಗೆ ಅದು ಶೀಸೆಯಲ್ಲಿ ಮಾತ್ರವಲ್ಲ, ಚೈನಿನಲ್ಲೂ ಗಟ್ಟಿಯಾಗುತ್ತದೆ. ದಾರಿಯ ಧೂಳು ಅದಕ್ಕೆ ಸೇರಿಕೊಂಡು ಚೈನು ಚಿಗಳಿಯಂತೆ ಅಂಟಂಟಾಗುತ್ತದೆ. ಇದು ನಗುವ ಮಾತಾಯಿತು. ಬ್ರೇಕು ಹಿಡಿದಾಗ ಕೀರಲು ದನಿ ಬರುತ್ತದೆಂದು ರಿಮ್ಮಿಗೂ ಬ್ರೇಕಿನ ರಬ್ಬರಿಗೂ ಅದೇ ಎಣ್ಣೆ ಸವರಿದರೆ ಮಾತ್ರ ನಗುವಂತಿಲ್ಲ. ಬ್ರೇಕು ನಿಲ್ಲಿಸುವುದು ಉಜ್ಜಾಟದಿಂದ. ಎಣ್ಣೆ ಉಜ್ಜಾಟವನ್ನೇ ತೆಗೆದುಹಾಕುತ್ತದೆ. ಸದ್ದು ನಿಲ್ಲುತ್ತದೆ, ಸೈಕಲ್ಲು ನಿಲ್ಲುವುದಿಲ್ಲ. ಹಾಗೆ ಸವರಿಯಾಗಿದ್ದರೆ ರಿಮ್ಮನ್ನು ಸೋಪಿನ ನೀರಿನಲ್ಲಿ ತೊಳೆದು, ರಬ್ಬರನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು, ಇಲ್ಲವೇ ಹೊಸದು ಹಾಕಿಸಬೇಕು. ಅದಕ್ಕೆ ಮೊದಲು ಎಣ್ಣೆ ಹಾಕಿದ್ದು ತಾನೇ ಎಂದು ಯಾರಾದರೊಬ್ಬರ ಹತ್ತಿರ ಒಪ್ಪಿಕೊಳ್ಳಬೇಕು. ಕಷ್ಟ ಇರುವುದು ಅಲ್ಲೇ.

ಮಕ್ಕಳು ಹೀಗೆ ಎಂದು ದೊಡ್ಡವರು ನಗುವಂತಿಲ್ಲ. ಅವರ ಪರೀಕ್ಷೆ ಮುಂಗಾರಿಗೆ ಮುಂಚೆ ಬರುತ್ತದೆ, ಮನೆಯ ಮಾಡಿನ ಮೇಲೆ.

ಈ ಸೀಮೆಯ ಹಳೆಯ ಮನೆಗಳಲ್ಲಿ ಮಾಡಿನ ಕೆಳಗೆ ಅಟ್ಟ, ಅಟ್ಟದಲ್ಲಿ ತೆಂಗಿನಕಾಯಿ. ಸಿಪ್ಪೆ ಸಮೇತ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅದೇ ತಿಪಟೂರು ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ, ಹಳ್ಳಿಯವರ ಮಾತಿನಲ್ಲಿ ಗಿಟುಕು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಒಂದು ಹೆಂಚು ಸರಿದು ಅಟ್ಟಕ್ಕೆ ನೀರಿಳಿದರೆ ಕೊಬ್ಬರಿಗೆ ಬೂಷ್ಟು. ಮಕ್ಕಳ ಕಾಲೇಜಿನ ಫೀಜು, ಮನೆಯ ಮದುವೆ, ಕೊಳವೆ ಬಾವಿಯ ಸಾಲ ಎಲ್ಲವೂ ಅಟ್ಟದ ಮೇಲೆ ಒಣಗುತ್ತಿರುವಾಗ ಒಂದು ಹೆಂಚಿಗೆ ಎಷ್ಟು ಬೆಲೆ ಎಂದು ಬೇರೆ ಹೇಳಬೇಕಿಲ್ಲ.

ಹೆಂಚು ಸರಿಸುವುದಕ್ಕೆ ಕೋತಿಗಳಿವೆ, ಮೇಲೆ ಬಾಗಿದ ಮರದಿಂದ ಬೀಳುವ ಕಾಯಿ ಇದೆ. ಸರಿಪಡಿಸುವುದಕ್ಕೆ ಮನೆಯ ಯಜಮಾನನೇ ಏಣಿ ಹತ್ತುತ್ತಾನೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನ ತುಂಬ ಹರಡಿತು. ಆದರೆ ಹೆಂಚು ಮಳೆ ತಡೆಯುವುದಕ್ಕೆ ಮಾಡಿದ್ದು, ಮನುಷ್ಯನನ್ನು ಹೊರುವುದಕ್ಕಲ್ಲ. ಬಲ್ಲ ಕೆಲಸಗಾರ ಕೆಳಗೆ ತೀರು ಇರುವ ಕಡೆ ನೋಡಿ, ಹಲಗೆ ಹಾಸಿಕೊಂಡು ಹೆಜ್ಜೆ ಇಡುತ್ತಾನೆ. ಯಜಮಾನ ಹೆಂಚಿನ ನಟ್ಟನಡುವೆ ಇಡುತ್ತಾನೆ.

ಇಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಕೆಳಗೆ ಏಣಿ ಹಿಡಿದಿದ್ದಾನೆ. ಮೇಲಿನಿಂದ ‘ಫಟ್’ ಎಂಬ ಸದ್ದು. ಅಡಿಗೆ ಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ತಾಯಿ ತಲೆ ಎತ್ತಿ ನೋಡಿದರೆ ಮಾಡಿನಿಂದ ಮೊಣಕಾಲುದ್ದ ಒಂದು ಕಾಲು ಇಳಿಬಿದ್ದಿದೆ.

‘‘ರೀ, ಅದು ನಿಮ್ಮ ಕಾಲೇನ್ರೀ?’’

ಮೇಲಿನಿಂದ ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ ಗಂಭೀರವಾದ ದನಿ: ‘‘ಇನ್ಯಾರ್ದು ಇರುತ್ತೆ? ಸೋರೋ ಜಾಗ ನೋಡ್ತಾ ಇದೀನಿ.’’

ಒಂದು ಹೆಂಚು ಸರಿ ಮಾಡಲು ಹೋಗಿ ನಾಲ್ಕು ಒಡೆದವು. ಮೊಳಕಾಲಿನ ಕೆಳಗೆ ಗೇಣುದ್ದ ತರಚಿದ್ದನ್ನು ಪಂಚೆ ಮುಚ್ಚಿಕೊಂಡಿತು. ಏಣಿ ಹಿಡಿದಿದ್ದ ಮಗ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವನೂ ಇರಲಿಲ್ಲ. ಅದು ಏಕೆಂಬುದು ಆಮೇಲೆ.

ಮುರಿದ ಹೆಂಚು ಕಣ್ಣಿಗೆ ಕಾಣುತ್ತದೆ. ಅಟ್ಟದ ತೊಲೆ ‘ಕಿರ್’ ಎಂದದ್ದು ಕೇಳಿಸಿಯೂ ಕೇಳದಂತಿರುವುದು ಹೆಚ್ಚು ಅಪಾಯ. ಸಿಪ್ಪೆಯಿರುವ ಕಾಯಿ ಹೊಸತರಲ್ಲಿ ಒಂದು ಕಿಲೋ ಆಸುಪಾಸು ತೂಗುತ್ತದೆ. ಹತ್ತು ಸಾವಿರ ಕಾಯಿ ಹಾಕಿದರೆ ಮಲಗುವವರ ತಲೆಯ ಮೇಲೆ ಹತ್ತು ಟನ್ನಿನ ಲೆಕ್ಕ. ಕಬ್ಬಿಣದ ಏಣಿಯನ್ನೋ ಕಾಯಿ ಕೀಳುವ ಲೋಹದ ದೋಟಿಯನ್ನೋ ಕರೆಂಟಿನ ತಂತಿಯ ಹತ್ತಿರ ಎತ್ತುವುದಂತೂ ಎಡವಟ್ಟುಗಳ ಪಟ್ಟಿಗೆ ಸೇರುವುದೇ ಇಲ್ಲ. ಅದರಲ್ಲಿ ಬದುಕಿ ಬಂದು ಕಥೆ ಹೇಳುವವರು ಕಡಿಮೆ.

ತಿಪಟೂರಿನಿಂದ ತುಮಕೂರಿನ ಕಡೆಗೆ ಹಳೆಯ 206ನೇ ಹೆದ್ದಾರಿಯಲ್ಲಿ ಬಂದರೆ ಕಿಬ್ಬನಹಳ್ಳಿ ಕ್ರಾಸ್ ಸಿಗುತ್ತದೆ. ಎಲ್ಲರ ಬಾಯಲ್ಲೂ ಅದು ಕೆ.ಬಿ. ಕ್ರಾಸ್. ಬಲಕ್ಕೆ ತಿರುಗಿದರೆ ತುರುವೇಕೆರೆ, ಎಡಕ್ಕೆ ಚಿಕ್ಕನಾಯಕನಹಳ್ಳಿ. ಸೈಕಲ್ ಸವಾರನಿಗೆ ಇವು ಎರಡು ಬೇರೆ ಬೇರೆ ಪಾಠಶಾಲೆಗಳು.

ತುರುವೇಕೆರೆಯ ಕಡೆ ನೀರಿನ ಪಾಠ. ಕೆರೆ ಏರಿಗಳು, ಗೊರೂರಿನ ಅಣೆಕಟ್ಟಿನಿಂದ ಬರುವ ಹೇಮಾವತಿ ನಾಲೆ. ನಾಲೆಯ ಪಕ್ಕದ ದಾರಿ ನೆಟ್ಟಗೆ, ಸಮನಾಗಿ ಇರುವುದರಿಂದ ಹ್ಯಾಂಡಲ್ ಬಿಟ್ಟು ಓಡಿಸುವ ಆಸೆ ಹುಟ್ಟುವುದೂ ಇಲ್ಲೇ. ಬದುವಿನಿಂದ ಬಿದ್ದರೆ ರಾಗಿ ಹೊಲ, ಏಳಬಹುದು. ತುಂಬಿ ಹರಿಯುವ ನಾಲೆಗೆ ಬಿದ್ದವನಿಗೆ ಪಾಚಿ ಹಿಡಿದ ಕಾಂಕ್ರೀಟಿನ ಇಳಿಜಾರಿನಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಂದರೂ. ಅಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವ ಹುಡುಗನನ್ನು ಗೆಳೆಯರು ಪುಕ್ಕಲ ಎನ್ನುತ್ತಾರೆ. ಅನ್ನಿಸಿಕೊಳ್ಳಲಿ.

ಚಿಕ್ಕನಾಯಕನಹಳ್ಳಿಯ ಕಡೆ ಬೆಟ್ಟದ ಪಾಠ. ತೆಂಗಿನ ಸಾಲು ಮುಗಿಯುತ್ತಲೇ ಕಬ್ಬಿಣ, ಮ್ಯಾಂಗನೀಸು ಅಡಗಿಸಿಕೊಂಡ ಗುಡ್ಡಗಳು ಏಳುತ್ತವೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕುವವರೆಗೆ ಇಲ್ಲಿ ಅದಿರಿನ ಲಾರಿಗಳ ಕೆಂಧೂಳು ಸುಪರಿಚಿತವಾಗಿತ್ತು. ಈ ಸಾಲಿನಲ್ಲೇ ಮದಲಿಂಗನ ಕಣಿವೆ ಇದೆ. ಮದಲಿಂಗ ಎಂದರೆ ಮದುವಣಿಗ. ಪಂಥಕ್ಕೆ ಬಿದ್ದ ಮದುವಣಿಗನೊಬ್ಬ ಬೆಟ್ಟವನ್ನು ಹಿಮ್ಮುಖವಾಗಿ ಹತ್ತಿ, ಪಂಥ ಗೆದ್ದು, ಅಲ್ಲೇ ಕುಸಿದು ಪ್ರಾಣ ಬಿಟ್ಟನೆಂದು ಜನ ಹೇಳುತ್ತಾರೆ. ಕಥೆಯ ವಿವರ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ. ನಾಲ್ಕು ಜನ ನೋಡುತ್ತಿದ್ದರು ಎಂಬುದು ಮಾತ್ರ ಬದಲಾಗುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ಬಿಟ್ಟು ಸೈಕಲ್ ಹಾಯಿಸುವ ಹುಡುಗರ ಹಿಂದೆಯೂ ಮೊಬೈಲು ಹಿಡಿದ ನಾಲ್ಕು ಜನ ಇರುತ್ತಾರೆ.

ಮೌಂಟನ್ ಬೈಕ್ ಹುಟ್ಟಿದ್ದೂ ಹೆಚ್ಚುಕಡಿಮೆ ಇಂಥದೇ ಹುಡುಗಾಟದಿಂದ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ ಕೆಲವರು 1970ರ ದಶಕದಲ್ಲಿ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೇ ಬ್ರೇಕು ಅವು; ಕೆಳಗೆ ಬರುವಷ್ಟರಲ್ಲಿ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಡಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಹಾಗಾಗಿ 1976ರಲ್ಲಿ ಅಲ್ಲಿ ಶುರುವಾದ ಪಂದ್ಯಕ್ಕೆ ‘ರಿಪ್ಯಾಕ್’, ಅಂದರೆ ಮರುತುಂಬುವುದು, ಎಂದೇ ಹೆಸರಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಸೇರಿದ ಆಟದ ಮೂಲದಲ್ಲಿ ಹೀಗೆ ಕೆಲವೇ ನಿಮಿಷದ ಸವಾರಿಗಿಂತ ಹೆಚ್ಚಾಗಿ ಗಂಟೆಗಟ್ಟಲೆಯ ರಿಪೇರಿಯೇ ಇತ್ತು. ತಿಪಟೂರಿನ ಸೈಕಲ್ ಶಾಪಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೋನಿಗೆ ಗ್ರೀಸು ಮೆತ್ತುವವರಿಗೆ ಇದನ್ನು ಹೇಳಿದರೆ ಅಷ್ಟೇನೂ ಆಶ್ಚರ್ಯಪಡಲಾರರು.

ಬೆಟ್ಟ ಇಳಿಯುವಾಗ ಮುಂದಿನ ಬ್ರೇಕನ್ನಷ್ಟೇ ಗಪ್ಪನೆ ಹಿಡಿದರೆ ಹಿಂದಿನ ಗಾಲಿ ಮೇಲೇಳುತ್ತದೆ. ಮೈಭಾರವನ್ನು ಹಿಂದಕ್ಕೆ ಹಾಕಿ, ಎರಡೂ ಬ್ರೇಕನ್ನು ಮೊದಲೇ, ಮೆಲ್ಲಗೆ ಹಿಡಿಯಬೇಕು. ಯಾವ ಕೈಯ ಬ್ರೇಕು ಯಾವ ಗಾಲಿಗೆ ಎಂಬುದನ್ನು ಮನೆಯ ಮುಂದೆಯೇ ತಿಳಿದುಕೊಂಡು ಬರಬೇಕು. ತಲೆಗೆ ಹೆಲ್ಮೆಟ್ಟು ಬೇಕು. ‘ಸೈಕಲ್ಲಿಗೂ ಹೆಲ್ಮೆಟ್ಟೇ’ ಎಂದು ಊರವರು ನಕ್ಕರೆ ಅವರೂ ಆ ನಾಲ್ಕು ಜನರಲ್ಲಿ ಸೇರಿದವರೇ.

ಬಿದ್ದದ್ದನ್ನು ಬಚ್ಚಿಡುವ ಮಕ್ಕಳ ತಂದೆತಾಯಿ ಒಂದು ವಿಷಯ ತಿಳಿದಿರಬೇಕು. ಧನುರ್ವಾಯು ತರುವ ರೋಗಾಣು ಮಣ್ಣಿನಲ್ಲಿ, ದನದ ಗೊಬ್ಬರದಲ್ಲಿ ಇರುತ್ತದೆ. ತೆಂಗಿನ ಪಾತಿಯಲ್ಲಿ ಇರುವುದೂ ಅವೆರಡೇ. ಲಸಿಕೆಯ ವೇಳಾಪಟ್ಟಿಯಂತೆ 10 ಮತ್ತು 16ನೇ ವಯಸ್ಸಿನಲ್ಲಿ ಟಿ.ಡಿ. ಚುಚ್ಚುಮದ್ದು ಹಾಕಿಸಬೇಕು. ಗಾಯವನ್ನು ಸೋಪು, ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಆಳವಾಗಿದ್ದರೆ ಆಸ್ಪತ್ರೆಗೆ ಹೋಗಬೇಕು. ಆದರೆ ಗಾಯ ಇದೆ ಎಂದು ಗೊತ್ತಾದರೆ ತಾನೆ? ‘ನೋಡ್ಕೊಂಡು ಹೋಗೋಕೆ ಏನು ರೋಗ’ ಎಂಬ ಬೈಗುಳ ಮೊದಲು ಬರುತ್ತದೆಂದು ಗೊತ್ತಿರುವ ಹುಡುಗ ಪ್ಯಾಂಟು ಹಾಕಿಕೊಂಡೇ ಮಲಗುತ್ತಾನೆ.

ಹೆಂಚು ಒಡೆದ ಮನೆಯಲ್ಲಿ ಅಂದು ಸಂಜೆ ಹಂಡೆಯಲ್ಲಿ ನೀರು ಕಾದಿತ್ತು. ಮೊದಲು ಅಪ್ಪ ಬಚ್ಚಲಿಗೆ ಹೋದರು. ಒಂದು ಚೊಂಬು ನೀರು ಬಿದ್ದ ಸದ್ದು, ಹಿಂದೆಯೇ ‘ಸ್ಸ್’ ಎಂಬ ಸದ್ದು. ಆಮೇಲೆ ಮಗ ಹೋದ. ಚೊಂಬಿನ ಸದ್ದು, ಮತ್ತೆ ಅದೇ ‘ಸ್ಸ್’. ಒಲೆಯ ಮುಂದೆ ಕೂತಿದ್ದ ಅಜ್ಜಿ ಎರಡನ್ನೂ ಲೆಕ್ಕ ಹಾಕಿದಳು. ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ಒಬ್ಬನ ಪಂಚೆ ಎತ್ತಿಸಿ, ಇನ್ನೊಬ್ಬನ ಪ್ಯಾಂಟು ಮಡಿಸಿ ನೋಡಿದಳು. ಅಪ್ಪ ಮಗನ ಮಂಡಿ ನೋಡಿದ. ಮಗ ಅಪ್ಪನ ಮೊಳಕಾಲು ನೋಡಿದ.

‘‘ಯಾವಾಗ ಬಿದ್ದೆಯೋ?’’

‘‘ನಿನ್ನೆ. ಬ್ರೇಕು ಹಿಡೀಲಿಲ್ಲ ಅಪ್ಪಾ.’’

‘‘ಗೂಡಿನಲ್ಲಿ ಕೊಬ್ಬರಿ ಎಣ್ಣೆ ಶೀಸೆ ಇದೆ, ತಗೊಂಡು ಬಾರಮ್ಮ’’ ಎಂದು ಅಜ್ಜಿ ಸೊಸೆಯನ್ನು ಕೂಗಿದಳು.

ಸೊಸೆ ಖಾಲಿ ಶೀಸೆಯನ್ನು ದೀಪಕ್ಕೆ ಹಿಡಿದು ನೋಡುತ್ತ ಹೊರಗೆ ಬಂದಳು. ಮಗ ನೆಲ ನೋಡತೊಡಗಿದ.