ಮುಖ ಬರೆಯುವುದು

ಕನ್ನಡದಲ್ಲಿ ಪತ್ರವನ್ನು ಬರೆಯುತ್ತಾರೆ, ಲೆಕ್ಕವನ್ನು ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಅಕ್ಷರಕ್ಕೂ ರೇಖೆಗೂ ಭಾಷೆ ಒಂದೇ ಕ್ರಿಯಾಪದವನ್ನು ಕೊಟ್ಟಿದೆ. ಕಾಸರಗೋಡಿನಲ್ಲಿ ಪಕ್ಕದ ಮನೆಯ ಭಾಷೆಯಾಗಿರುವ ಮಲಯಾಳದಲ್ಲಿಯೂ ಇಂಥದೇ ಒಂದು ಮಾತಿದೆ. ತೆಯ್ಯಂ ಕಟ್ಟುವವನ ಮುಖದ ಮೇಲೆ ಬಣ್ಣದ ಗೆರೆಗಳನ್ನು ಮೂಡಿಸುವ ಕೆಲಸಕ್ಕೆ 'ಮುಖತ್ತೆಳುತ್ತ್' ಎಂದು ಹೆಸರು. ಮುಖದ ಬರಹ ಎಂದೇ ಅದರ ಅರ್ಥ. ವ್ಯಕ್ತಿಯ ಚಿತ್ರಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ 'ಭಾವಚಿತ್ರ' ಎಂಬ ಪದವೂ ಗಮನಿಸತಕ್ಕದ್ದು. ಅರ್ಜಿ ನಮೂನೆಯ ಮೂಲೆಯಲ್ಲಿ ಅಂಟಿಸುವ ಸಣ್ಣ ಫೋಟೋವನ್ನೂ ಇಂದು ಭಾವಚಿತ್ರವೆಂದೇ ಕರೆಯುತ್ತಾರೆ; ಆದರೆ ಆ ಚೌಕದಲ್ಲಿ ಭಾವವೊಂದು ಕಾಣಿಸಕೂಡದೆಂಬುದೇ ಕಚೇರಿಗಳ ನಿಯಮ. ಇನ್ನು ಕಲಾವಿದನು ತನ್ನ ಮುಖವನ್ನು ತಾನೇ ಬರೆದುಕೊಂಡರೆ ಅದು ಸ್ವ-ಭಾವಚಿತ್ರ. ನಡುವಿನ ಗೆರೆಯನ್ನು ತೆಗೆದು ಓದಿದರೆ ಸ್ವಭಾವದ ಚಿತ್ರ.

ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ಮೂರು ದಶಕಗಳ ಕಾಲ ಚಿತ್ರಕಲೆಯನ್ನು ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿಗೆ ಈ ಮಾತುಗಳ ಅರ್ಥ ತಡವಾಗಿ ತೆರೆದುಕೊಂಡಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ತೊಟ್ಟಿಲ ಕೂಸು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬ ಕ್ರಮದಲ್ಲಿ ಅವರ ಬದುಕು ಸಾಗಿತು. ಪಾಠದ ಹೊರಗಿನ ಹೊತ್ತಿನಲ್ಲಿ ಅವರು ಊರವರಿಗೆ ಭಾವಚಿತ್ರಗಳನ್ನು ಬರೆದುಕೊಡುತ್ತಿದ್ದರು. ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಒಂದು ಹಳೆಯ ಫೋಟೋವನ್ನು ಹಿಡಿದು ಬರುವರು. ಮಾಸ್ತರರು ಅದರ ಮೇಲೆ ಸೂಕ್ಷ್ಮವಾದ ಚೌಕಗಳನ್ನು ಎಳೆದು, ದೊಡ್ಡ ಹಾಳೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕಿ, ಒಂದೊಂದು ಚೌಕದೊಳಗಿನ ಗೆರೆಯನ್ನು ಇನ್ನೊಂದಕ್ಕೆ ಒಯ್ಯುವರು. ಈ ಕ್ರಮದಲ್ಲಿ ಅಳತೆ ತಪ್ಪುವ ಭಯವಿಲ್ಲ. ಆದರೂ ಚಿತ್ರವನ್ನು ನೋಡಿದ ಮಕ್ಕಳು ಒಮ್ಮೊಮ್ಮೆ ಸಂಕೋಚದಿಂದ ಹೇಳುವುದುಂಟು: "ಎಲ್ಲ ಸರಿ ಇದೆ ಮಾಸ್ಟ್ರೇ, ಆದ್ರೆ ಅಪ್ಪ ಹೀಗಿರ್ಲಿಲ್ಲ."

ಅಳತೆಯಲ್ಲಿ ತಪ್ಪಿಲ್ಲದ ಮುಖ ಅಪ್ಪನದಾಗಿ ಏಕೆ ಕಾಣಲಿಲ್ಲ? ಫೋಟೋ ಒಂದು ಕ್ಷಣದ್ದು. ಮಕ್ಕಳ ನೆನಪಿನಲ್ಲಿರುವ ಮುಖ ಹಲವು ವರ್ಷಗಳದ್ದು. ಸ್ಟುಡಿಯೋದ ಬೆಳಕಿನೆದುರು ಉಸಿರು ಬಿಗಿಹಿಡಿದು ಕುಳಿತವನನ್ನು ಅವರು ಕಂಡವರಲ್ಲ. ಮಾಸ್ತರರು ಆಗ ಹುಬ್ಬಿನ ನಡುವಿನ ಗಂಟನ್ನು ತುಸು ಸಡಿಲಿಸಿ, ತುಟಿಯ ಕೊನೆಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ ಕೊಡುವರು. ಮಕ್ಕಳ ಕಣ್ಣು ತುಂಬುವುದು. ಹೀಗೆ ಇತರರ ಭಾವಚಿತ್ರವೆಂಬುದು ಬರೆಸಿಕೊಳ್ಳುವವನು, ಬರೆಯುವವನು, ನೋಡುವವನು ಈ ಮೂವರ ನಡುವಿನ ಒಪ್ಪಂದ. ಸ್ವಂತ ಮುಖವನ್ನು ಬರೆಯುವಾಗ ಮೂವರೂ ಒಬ್ಬನೇ ಆಗುತ್ತಾರೆ; ತಿದ್ದಿಕೊಡೆಂದು ಕೇಳುವ ಮಕ್ಕಳಿರುವುದಿಲ್ಲ.

ಚಿತ್ರಕಾರನಿಗೆ ಅಲ್ಲಿ ಒದಗುವ ಸಾಕ್ಷಿ ಕನ್ನಡಿಯೊಂದೇ, ಅದೂ ಪೂರ್ಣ ನಂಬತಕ್ಕ ಸಾಕ್ಷಿಯಲ್ಲ. ಸ್ನಾನದ ಮನೆಯಲ್ಲಿ ಆವಿ ಕಟ್ಟಿದ ಕನ್ನಡಿಯ ಮೇಲೆ, ಒಂದು ಕಣ್ಣು ಮುಚ್ಚಿಕೊಂಡು, ತನ್ನ ಪ್ರತಿಬಿಂಬದ ಸುತ್ತ ಬೆರಳಿನಿಂದ ಗೆರೆಯೆಳೆದು ಅಳೆದವರಿಗೆ ಆಶ್ಚರ್ಯ ಕಾದಿರುತ್ತದೆ: ಆ ಗೆರೆಯ ಅಗಲ ನಿಜವಾದ ಮುಖದ ಅರ್ಧದಷ್ಟೇ. ಹಿಂದೆ ಸರಿದು ನಿಂತರೂ, ಮುಂದೆ ಬಂದರೂ ಅರ್ಧವೇ. ಎಡ ಬಲಗಳ ಕಥೆ ಎಲ್ಲರಿಗೂ ತಿಳಿದದ್ದು. ವಿನ್ಸೆಂಟ್ ವ್ಯಾನ್ ಗೋ 1888ರ ಡಿಸೆಂಬರಿನಲ್ಲಿ ಕತ್ತರಿಸಿಕೊಂಡದ್ದು ಎಡಗಿವಿಯನ್ನು. 1889ರ ಜನವರಿಯಲ್ಲಿ ಬರೆದ ಸ್ವಚಿತ್ರದಲ್ಲಿ ಪಟ್ಟಿ ಕಟ್ಟಿದ ಕಿವಿ ಬಲಗಡೆಯದಾಗಿ ಕಾಣುತ್ತದೆ. ಕನ್ನಡಿ ತೋರಿಸಿದ್ದನ್ನು ಅವನು ಹಾಗೆಯೇ ಬರೆದ. ಜಗತ್ತು ನೋಡುವ ಮುಖ ಬೇರೆ, ಮನುಷ್ಯನು ದಿನವೂ ಕಾಣುವ ತನ್ನ ಮುಖ ಬೇರೆ ಎಂಬುದು ಇಲ್ಲಿ ಬರಿಯ ತತ್ತ್ವವಲ್ಲ, ದೃಷ್ಟಿಶಾಸ್ತ್ರದ ಸಂಗತಿ.

ಈ ಸಾಕ್ಷಿಯನ್ನು ನೆಚ್ಚಿ ಕುಳಿತವರ ಸಾಲು ದೊಡ್ಡದು. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಕನ್ನಡಿ ನೋಡಿ ಬೆಳ್ಳಿಯ ಮೊನೆಯಿಂದ ತನ್ನ ಮುಖವನ್ನು ಬರೆದ. ಮುಂದೆ 1500ರಲ್ಲಿ, ಇಪ್ಪತ್ತೆಂಟರ ಪ್ರಾಯದಲ್ಲಿ, ನೇರವಾಗಿ ಎದುರು ನೋಡುವ ಭಂಗಿಯಲ್ಲಿ ತನ್ನನ್ನು ಚಿತ್ರಿಸಿಕೊಂಡ. ಅಂದಿನ ಯೂರೋಪಿನಲ್ಲಿ ಆ ಭಂಗಿ ಹೆಚ್ಚಾಗಿ ಕ್ರಿಸ್ತನ ಚಿತ್ರಕ್ಕೆ ಮೀಸಲು. ಕುಶಲಕರ್ಮಿಯೆಂದು ಎಣಿಸಲ್ಪಡುತ್ತಿದ್ದ ಚಿತ್ರಕಾರನು ತನ್ನ ಸ್ಥಾನವನ್ನು ತಾನೇ ಘೋಷಿಸಿಕೊಂಡ ಕ್ಷಣ ಅದು. ತಾನು ಯಾರು, ಎಷ್ಟು ವಯಸ್ಸಿನವನು ಎಂಬುದನ್ನು ಅವನು ಚಿತ್ರದ ಮೇಲೆಯೇ ಅಕ್ಷರಗಳಲ್ಲಿ ಬರೆದಿಟ್ಟಿದ್ದಾನೆ.

ಹಾಲೆಂಡಿನ ರೆಂಬ್ರಾಂಟ್ ಇದನ್ನು ಒಮ್ಮೆ ಮಾಡಿ ಬಿಡಲಿಲ್ಲ. ತೈಲವರ್ಣ, ಎಚಿಂಗ್, ರೇಖಾಚಿತ್ರಗಳೆಲ್ಲ ಸೇರಿ ಅವನು ತನ್ನನ್ನು ಸುಮಾರು 80 ಬಾರಿ ಬರೆದುಕೊಂಡಿದ್ದಾನೆ. ಯೌವನದಲ್ಲಿ ಅವನು ಕನ್ನಡಿಯೆದುರು ಹುಬ್ಬು ಗಂಟಿಕ್ಕಿ, ಬಾಯಿ ತೆರೆದು, ನಕ್ಕು ಭಾವಗಳನ್ನು ಅಭ್ಯಾಸ ಮಾಡಿದ. ಶ್ರೀಮಂತಿಕೆಯ ದಿನಗಳಲ್ಲಿ ಮಖಮಲ್ಲು, ಚಿನ್ನದ ಸರಗಳನ್ನು ತೊಟ್ಟು ನಿಂತ. 1642ರಲ್ಲಿ ಹೆಂಡತಿ ತೀರಿಕೊಂಡಳು. 1656ರಲ್ಲಿ ಅವನು ದಿವಾಳಿಯಾದ. ಅನಂತರದ ಚಿತ್ರಗಳಲ್ಲಿ ಚರ್ಮದ ಸುಕ್ಕು, ಕಣ್ಣಿನ ಕೆಳಗಿನ ಊತ, ಮೂಗಿನ ದಪ್ಪ ಇವು ಯಾವುವನ್ನೂ ಅವನು ಮರೆಮಾಚಲಿಲ್ಲ. ತೀರಿಕೊಂಡ 1669ರಲ್ಲಿಯೂ ಅವನು ತನ್ನ ಮುಖವನ್ನು ಬರೆಯುತ್ತಲೇ ಇದ್ದ. ಸಾಲಾಗಿ ನೋಡಿದರೆ ಇದು ವರ್ಷಗಳ ಕಾಲ ಬರೆದ ದಿನಚರಿ. ಉತ್ತರ ಸಿಕ್ಕಿತೆಂದು ಎಲ್ಲಿಯೂ ಮುಗಿಸಿದಂತೆ ಕಾಣುವುದಿಲ್ಲ.

ಆದರೆ ಎರಡು ನೆಲಗಳ ನಡುವೆ ಬದುಕುವವರಿಗೆ ಹೆಚ್ಚು ಹತ್ತಿರದವಳು ಅಮೃತಾ ಶೇರ್-ಗಿಲ್. 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಆಕೆಯ ತಂದೆ ಉಮ್ರಾವ್ ಸಿಂಗ್ ಪಂಜಾಬಿನ ಸಿಖ್ಖರು, ಸಂಸ್ಕೃತ ಮತ್ತು ಪಾರಸಿಯ ವಿದ್ವಾಂಸರು. ತಾಯಿ ಹಂಗೇರಿಯ ಗಾಯಕಿ. ತಂದೆಗೆ ಛಾಯಾಚಿತ್ರಣದ ಹವ್ಯಾಸವಿತ್ತು. ಅವರು ಮನೆಯವರನ್ನಷ್ಟೇ ಅಲ್ಲ, ತಮ್ಮನ್ನೂ ಮತ್ತೆ ಮತ್ತೆ ಚಿತ್ರ ತೆಗೆದುಕೊಂಡವರು. ಎಂಟರ ಪ್ರಾಯದಲ್ಲಿ ಆಕೆ ಭಾರತಕ್ಕೆ ಬಂದಳು. ಹದಿನಾರರಲ್ಲಿ ಕಲಿಯಲು ಪ್ಯಾರಿಸಿಗೆ ಹೋದಳು. ಅಲ್ಲಿ ಬರೆದ ಹಲವು ಸ್ವಚಿತ್ರಗಳಲ್ಲಿ ಒಂದೊಂದರಲ್ಲಿಯೂ ಒಬ್ಬೊಬ್ಬಳು ಕಾಣುತ್ತಾಳೆ. ಒಂದರಲ್ಲಿ ನಗುವ ಯೂರೋಪಿಯನ್ ಯುವತಿ, ಇನ್ನೊಂದರಲ್ಲಿ ಚಿಂತಾಮಗ್ನೆ.

1934ರಲ್ಲಿ ಬರೆದದ್ದು 'ತಾಹಿತಿಯವಳಾಗಿ ಸ್ವಚಿತ್ರ'. ಫ್ರಾನ್ಸಿನ ಪಾಲ್ ಗೋಗ್ಯಾಂ ಶಾಂತಸಾಗರದ ದ್ವೀಪಗಳಿಗೆ ಹೋಗಿ ಅಲ್ಲಿನ ಹೆಣ್ಣುಗಳನ್ನು ಚಿತ್ರಿಸಿ ಹೆಸರಾಗಿದ್ದ. ಅಮೃತಾ ಆ ಹೆಣ್ಣುಗಳ ಜಾಗದಲ್ಲಿ ತನ್ನನ್ನೇ ನಿಲ್ಲಿಸಿಕೊಂಡಳು. ಹಿಂದುಗಡೆ ಗಂಡಸೊಬ್ಬನ ನೆರಳು ಬಿದ್ದಿದೆ. ಆಕೆಯ ನೋಟ ನೋಡುಗನನ್ನು ತಪ್ಪಿಸಿ ಬೇರೆಲ್ಲೋ ನೆಟ್ಟಿದೆ. ತಾನು ತಾಹಿತಿಯವಳಲ್ಲವೆಂದು ಆಕೆಗೆ ಗೊತ್ತು. ಆದರೆ ಪ್ಯಾರಿಸಿನ ಕಣ್ಣಿಗೆ ಕಪ್ಪು ಕೂದಲಿನ ಪರದೇಶದ ಹೆಣ್ಣು ಹೀಗೆಯೇ ಕಾಣುವಳೆಂದೂ ಗೊತ್ತು. ಇತರರು ತನಗೆ ಕೊಟ್ಟ ಮುಖವನ್ನು ತೊಟ್ಟುಕೊಂಡು ಆಕೆ ಅದರೊಳಗಿಂದ ಪ್ರಶ್ನೆ ಕೇಳುತ್ತಿರುವಂತಿದೆ. ಆ ವರ್ಷದ ಕೊನೆಯಲ್ಲಿ ಆಕೆ ಭಾರತಕ್ಕೆ ಮರಳಿದಳು. 1937ರಲ್ಲಿ ಅಜಂತಾವನ್ನೂ ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನೂ ಕಂಡ ಮೇಲೆ 'ವಧುವಿನ ಅಲಂಕಾರ', 'ಬ್ರಹ್ಮಚಾರಿಗಳು', 'ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು' ಎಂಬ ಮೂರು ದೊಡ್ಡ ಚಿತ್ರಗಳನ್ನು ಬರೆದಳು. ಕನ್ನಡಿಯಿಂದ ತಿರುಗಿದ ಕಣ್ಣು ಈಗ ಇತರರ ಮುಖಗಳಲ್ಲಿ ತನ್ನ ನೆಲವನ್ನು ಹುಡುಕುತ್ತಿತ್ತು. 1941ರ ಡಿಸೆಂಬರಿನಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ಆಕೆ ತೀರಿಕೊಂಡಳು.

ಇದೇ ಪ್ರಶ್ನೆಯನ್ನು ಮೆಕ್ಸಿಕೋದ ಫ್ರೀಡಾ ಕಾಲೋ ಬೇರೊಂದು ಬಗೆಯಲ್ಲಿ ಬಿಡಿಸಿಟ್ಟಳು. ತಂದೆ ಜರ್ಮನ್ ಮೂಲದವನು, ತಾಯಿಯದು ಸ್ಪೇನಿನ ಮತ್ತು ಮೂಲನಿವಾಸಿಗಳ ರಕ್ತ ಕೂಡಿದ ಮನೆತನ. 1925ರಲ್ಲಿ ಬಸ್ ಅಪಘಾತದಿಂದ ಹಾಸಿಗೆ ಹಿಡಿದಾಗ, ಮಲಗಿದಲ್ಲಿಂದಲೇ ಕಾಣುವಂತೆ ಮಂಚದ ಮೇಲ್ಕಟ್ಟಿಗೆ ಕನ್ನಡಿಯನ್ನು ಕಟ್ಟಿಸಿಕೊಟ್ಟರು. ಅಲ್ಲಿಂದ ಆಕೆಯ ಸ್ವಚಿತ್ರಗಳು ಬೆಳೆದವು. 1939ರ 'ಇಬ್ಬರು ಫ್ರೀಡಾಗಳು' ಚಿತ್ರದಲ್ಲಿ ಒಬ್ಬಳು ಯೂರೋಪಿನ ಬಿಳಿಯ ಉಡುಪಿನಲ್ಲಿ, ಇನ್ನೊಬ್ಬಳು ಮೆಕ್ಸಿಕೋದ ತೆವಾನಾ ಉಡುಪಿನಲ್ಲಿ ಕೈ ಹಿಡಿದು ಕುಳಿತಿದ್ದಾರೆ. ಇಬ್ಬರ ಹೃದಯಗಳೂ ತೆರೆದಿವೆ. ಒಂದೇ ರಕ್ತನಾಳ ಎರಡನ್ನೂ ಕೂಡಿಸಿದೆ. ಇಬ್ಬರಲ್ಲಿ ನಿಜವಾದವಳು ಯಾರೆಂದು ಚಿತ್ರ ತೀರ್ಪು ಕೊಡುವುದಿಲ್ಲ. ನಾಳವನ್ನು ಕತ್ತರಿಸಿದರೆ ಇಬ್ಬರೂ ಉಳಿಯರು ಎಂದಷ್ಟೇ ಹೇಳುತ್ತದೆ.

ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಬೆಳೆದವರಿಗೆ ಈ ಮಾತು ತೀರ ಹೊಸದೇನಲ್ಲ. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಯು ಕನ್ನಡಿಯನ್ನು ಎದುರಿಗಿಟ್ಟುಕೊಂಡು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಬಣ್ಣದ ವೇಷವಾದರೆ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಮುಳ್ಳು ಮುಳ್ಳಾಗಿ ಇಡುತ್ತ ಗಂಟೆಗಟ್ಟಲೆ ಕುಳಿತಿರಬೇಕು. ಸಂಜೆ ಚೌಕಿಗೆ ಬಂದ ಬಡ ಗೃಹಸ್ಥನು ಗೆರೆಗೆರೆಯಾಗಿ ರಾವಣನಾಗುವುದನ್ನು ಆ ಕನ್ನಡಿಯೊಂದೇ ಪೂರ್ತಿಯಾಗಿ ಕಂಡಿರುತ್ತದೆ. ತೆಯ್ಯಂನಲ್ಲಿ ಕ್ರಮ ಬೇರೆ: ಮಲಗಿದವನ ಮುಖವನ್ನು ಇನ್ನೊಬ್ಬನು ಬರೆಯುತ್ತಾನೆ. ಮುಡಿಯನ್ನು ಇಟ್ಟ ಮೇಲೆ ಅವನ ಕೈಗೆ ಕನ್ನಡಿಯನ್ನು ಕೊಡುತ್ತಾರೆ. ಅದರಲ್ಲಿ ಕಾಣುವುದು ಅವನ ಮುಖವಲ್ಲ, ದೈವದ ಮುಖ. ಒಂದರಲ್ಲಿ ಕನ್ನಡಿ ಕೆಲಸದ ಸಲಕರಣೆ, ಇನ್ನೊಂದರಲ್ಲಿ ಕೊನೆಯ ಸಾಕ್ಷಾತ್ಕಾರ. ಮುಖವೆಂಬುದು ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಬರೆಯಲ್ಪಡುವಂಥದು ಎಂಬ ತಿಳಿವಳಿಕೆ ಮಾತ್ರ ಎರಡರಲ್ಲಿಯೂ ಸಮಾನ.

ಮಾಸ್ತರರು ನಿವೃತ್ತಿಯ ಬಳಿಕ ಒಂದು ಮಳೆಗಾಲದಲ್ಲಿ ಮೊದಲ ಬಾರಿಗೆ ತಮ್ಮ ಮುಖವನ್ನು ಬರೆಯಲು ಕುಳಿತರು. ಚೌಕಗಳ ವಿಧಾನವನ್ನು ಬೇಕೆಂದೇ ಬಿಟ್ಟರು. ಕಪಾಟಿನ ನಿಲುಗನ್ನಡಿಯ ಎದುರು ಹಲಗೆಯನ್ನಿಟ್ಟು ಇದ್ದಿಲನ್ನು ಕೈಗೆತ್ತಿಕೊಂಡರು. ಕಣ್ಣು, ಮೂಗು, ನರೆತ ಮೀಸೆಗಳೆಲ್ಲ ಮೂರು ದಿನಗಳಲ್ಲಿ ಬಂದವು. ತೊಡಕಾದದ್ದು ಬೆನ್ನ ಹಿಂದಿನ ಗೋಡೆಯಿಂದ. ಅಲ್ಲೊಂದು ಕನ್ನಡ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಕನ್ನಡಿಯಲ್ಲಿ ಅದರ ಅಕ್ಷರಗಳೆಲ್ಲ ತಿರುಗುಮುರುಗಾಗಿ ಕಾಣುತ್ತಿದ್ದವು. ಕಂಡಂತೆ ಬರೆದರೆ ಅವು ಯಾರೂ ಓದಲಾರದ ಗುರುತುಗಳು. ನೇರಮಾಡಿ ಬರೆದರೆ ಮುಖ ಕನ್ನಡಿಯದು, ಅಕ್ಷರ ಗೋಡೆಯದು. ಒಂದೇ ಚಿತ್ರದಲ್ಲಿ ಎರಡು ಸತ್ಯಗಳು. ಎಷ್ಟೋ ಚಿತ್ರಗಳನ್ನು ಅನಾಯಾಸವಾಗಿ ಮುಗಿಸಿದ್ದ ಕೈ ಅಲ್ಲಿ ನಿಂತಿತು.

ಕಂಡದ್ದನ್ನು ಕಂಡಂತೆ ಬರೆಯಬೇಕೆಂದು ಮಕ್ಕಳಿಗೆ ಜೀವನವಿಡೀ ಹೇಳಿಕೊಟ್ಟವರು ಅವರು. ಆದ್ದರಿಂದ ಮೊದಲು ತಿರುಗಿದ ಅಕ್ಷರಗಳನ್ನೇ ಬರೆದರು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗಳು ಬಂದು ನೋಡಿದಳು. ಆಕೆ ಕನ್ನಡವನ್ನು ಚೆನ್ನಾಗಿ ಮಾತನಾಡಬಲ್ಲಳು, ಓದಲಾರಳು. "ಅಜ್ಜ, ನಿಮ್ಮ ಹಾಗೇ ಉಂಟು. ಕ್ಯಾಲೆಂಡರ್ ಕೂಡ ಸರಿಯಾಗಿ ಬಂದಿದೆ," ಎಂದು ಮೆಚ್ಚಿಕೊಂಡು ಆಟಕ್ಕೆ ಓಡಿದಳು. ಅಕ್ಷರಗಳು ತಲೆಕೆಳಗಾದ ಸಂಗತಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನೇರವಾಗಿದ್ದರೂ ತಿರುಗಿದ್ದರೂ ಅವು ಅವಳಿಗೆ ಒಂದೇ.

ಮಾಸ್ತರರು ಆ ಸಂಜೆ ರಬ್ಬರನ್ನು ತೆಗೆದುಕೊಂಡು ಗೋಡೆಯ ಭಾಗವನ್ನು ಅಳಿಸಿದರು. ಮುಖವನ್ನು ಮುಟ್ಟಲಿಲ್ಲ. ಕ್ಯಾಲೆಂಡರಿನ ಅಕ್ಷರಗಳನ್ನು ಎಡದಿಂದ ಬಲಕ್ಕೆ, ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಬರವಣಿಗೆಯಲ್ಲಿ, ಓದಲು ಬರುವಂತೆ ಬರೆದರು. ದೃಷ್ಟಿಶಾಸ್ತ್ರದ ಪ್ರಕಾರ ಚಿತ್ರದಲ್ಲಿ ಈಗ ದೋಷವಿದೆ. ಆದರೆ ಅದನ್ನು ನೋಡಿದ ಅವರ ಹಳೆಯ ಶಿಷ್ಯರಲ್ಲಿ ಯಾರೂ "ಮಾಸ್ಟ್ರು ಹೀಗಿರ್ಲಿಲ್ಲ" ಎಂದು ಹೇಳಿಲ್ಲ.

ಈಗ ಅವರು ಮೊಮ್ಮಗಳ ಚಿತ್ರವನ್ನು ಬರೆಯುತ್ತಿದ್ದಾರೆ. ದಿನವೂ ಅರ್ಧ ಗಂಟೆ ಅಲುಗದೆ ಕುಳಿತುಕೊಳ್ಳುವುದು ಅವಳಿಗೆ ಕಷ್ಟ; ನಡುನಡುವೆ ಎದ್ದು ಬಂದು ತನ್ನ ಮೂಗು ಇಷ್ಟು ದೊಡ್ಡದಲ್ಲವೆಂದು ತಕರಾರು ಮಾಡುತ್ತಾಳೆ. ಚಿತ್ರದ ಕೆಳಗೆ ಹೆಸರನ್ನು ಅಜ್ಜ ಬರೆಯುವುದಿಲ್ಲ, ಅವಳೇ ಕನ್ನಡದಲ್ಲಿ ಬರೆಯಬೇಕು ಎಂಬುದು ಅವರ ಷರತ್ತು. ಅವಳ ಹೆಸರಿಗೆ ಮೂರು ಅಕ್ಷರ. ಎರಡು ಬಂದಿವೆ, ಮೂರನೆಯದಕ್ಕೆ ಒತ್ತಕ್ಷರವಿರುವುದರಿಂದ ಇನ್ನೂ ಒಂದು ವಾರ ಬೇಕೆಂದು ಅವಳು ಕೇಳಿಕೊಂಡಿದ್ದಾಳೆ.